ನಡೆದು ಹೋದ ಗಂಗಮ್ಮ

ಸುತ್ತಲೂ ಸಮುದ್ರವಿರುವ ಕಲ್ಲಿನ ದ್ವೀಪದ ಮೇಲೆ ಹೆಂಡತಿಯ ಕಣ್ಣು ತಪ್ಪಿಸಿ ತಿರುಗುವುದು ಸುಲಭವಲ್ಲವೆಂದು ಲಕ್ಷ್ಮಣಪ್ಪನಿಗೆ ಹೊಳೆದದ್ದು ದೋಣಿಯಿಂದ ಇಳಿದ ಮೇಲೆಯೇ. ಪೀಣ್ಯದಲ್ಲಾದರೆ ಕಾರ್ಖಾನೆಯ ಗೇಟು ದಾಟಿ ಒಳಗೆ ಹೊಕ್ಕರೆ ಮುಗಿಯಿತು. ಸಂಜೆ ಸೈರನ್ ಕೂಗುವತನಕ ಯಾರ ಹೆಂಡತಿಯೂ ಯಾರನ್ನೂ ಹುಡುಕಿಕೊಂಡು ಬರುವಂತಿಲ್ಲ. ಇಲ್ಲಿ ಗೇಟೂ ಇಲ್ಲ, ಸೈರನ್ನೂ ಇಲ್ಲ. ಒಂದಿಷ್ಟು ತೆಂಗಿನ ಮರ, ಹಾಳು ಬಿಸಿಲು, ಯಾರೋ ಅಳತೆ ಹಿಡಿದು ಕೊಯ್ದು ಜೋಡಿಸಿಟ್ಟಂಥ ಕರಿಕಲ್ಲಿನ ಕಂಬಗಳು, ಅವುಗಳ ಬುಡದಲ್ಲಿ ನೀರಿಳಿದು ಹೊರಬಿದ್ದ ಪಾಚಿಗಟ್ಟಿದ ಬಂಡೆಗಳು. ಬಂಡೆಗಳ ನಡುವೆ ಅಲ್ಲಲ್ಲಿ ಗುಂಡಿ, ಗುಂಡಿಯೊಳಗೆ ಸಮುದ್ರ ಮರೆತು ಬಿಟ್ಟುಹೋದ ನೀರು. ಮಲ್ಪೆಯ ದೋಣಿಯವನು ಹಗ್ಗ ಕಟ್ಟುತ್ತ, "ಈಗ ಇಳಿತ ಉಂಟು, ನೋಡುವುದೆಲ್ಲ ನೋಡಿಕೊಳ್ಳಿ. ನೀರು ಹತ್ತಲಿಕ್ಕೆ ಶುರುವಾದ ಕೂಡಲೇ ನಾನು ಕೂಗ್ತೇನೆ. ಮತ್ತೆ ಒಂದು ಗಳಿಗೆ ನಿಲ್ಲುವ ಹಾಗಿಲ್ಲ" ಎಂದ. ಅದಕ್ಕೆ ಎಷ್ಟು ಹೊತ್ತಾಗುತ್ತದೆಂದು ಕೇಳಲು ಲಕ್ಷ್ಮಣಪ್ಪನ ಬಾಯಿ ತೆರೆದಿತ್ತು. ಕೇಳಿದರೆ ಎಲ್ಲರೂ ತನ್ನ ಕಡೆ ತಿರುಗುತ್ತಾರೆ, ತಿರುಗುವವರಲ್ಲಿ ಆ ಇಬ್ಬರು ಹೆಂಗಸರೂ ಇರುತ್ತಾರೆ ಎಂದು ಮುಚ್ಚಿಕೊಂಡ.

ಒಬ್ಬಳು ಅವನ ಹೆಂಡತಿ ಅಂಜಿನಮ್ಮ. ಇನ್ನೊಬ್ಬರು ಹೊಸ ಮ್ಯಾನೇಜರರ ಹೆಂಡತಿ ಅನುಸೂಯಮ್ಮ, ಕಾರ್ಖಾನೆಯವರ ಬಾಯಲ್ಲಿ ಬರೀ ಮೇಡಂ. ಈ ಇಬ್ಬರೂ ಒಂದು ಕಡೆ ನಿಂತು ಮಾತಾಡಬಾರದು. ಮಾತಾಡಿದರೆ ತನ್ನ ಸಂಸಾರದ ಕಥೆ ಮುಗಿದಂತೆಯೇ ಎಂಬುದು ಲಕ್ಷ್ಮಣಪ್ಪನ ಲೆಕ್ಕ. ಎಪ್ಪತ್ತೊಂಬತ್ತರ ಆ ವರ್ಷ ಕಾರ್ಖಾನೆಯವರು ಮೊದಲ ಸಲ ಹೆಂಡಿರು ಮಕ್ಕಳ ಸಮೇತ ಟೂರು ಹೊರಟಿದ್ದರು. ಬಸ್ಸಿನಲ್ಲಿ ಹೆಂಗಸರೆಲ್ಲ ಮುಂದೆ, ಗಂಡಸರೆಲ್ಲ ಹಿಂದೆ. ಯಾರು ಯಾರ ಜೋಡಿ ಎಂದು ಹೊಸಬರಿಗೆ ತಿಳಿಯುವ ಹಾಗಿರಲಿಲ್ಲ. ನಿನ್ನೆ ಸಂಜೆ ಉಡುಪಿಯ ಛತ್ರದ ಹಿತ್ತಲಲ್ಲಿ ಅಂಜಿನಮ್ಮ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿ, ಅಷ್ಟೂ ಜನಕ್ಕೆ ಮುದ್ದೆ ಬೇಯಿಸಿದ ತಪ್ಪಲೆಯನ್ನು ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದಳು. ತಿಕ್ಕುತ್ತಲೇ, ಸೌಟು ಕಳೆದುಹಾಕಿದ, ಕಾರ್ಖಾನೆಯ ಶ್ಯಾಮಣ್ಣನನ್ನು ಅವನ ತಾತ ಮುತ್ತಾತರ ಸಮೇತ ಬೈಯುತ್ತಿದ್ದಳು. ಲಕ್ಷ್ಮಣಪ್ಪನ ಪಕ್ಕಕ್ಕೆ ಬಂದು ನಿಂತ ಮೇಡಂ ನಗುತ್ತ, "ಯಾರ್ರೀ ಲಕ್ಷ್ಮಣಪ್ಪ ಆಕೆ? ಏನು ಗಟ್ಟಿಗಿತ್ತಿ!" ಎಂದು ಕೇಳಿದರು. ಅವರ ನಗುವಿನಲ್ಲಿ ಏನೂ ಕೊಂಕಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಲಕ್ಷ್ಮಣಪ್ಪನಿಗೆ ಕಂಡದ್ದು ಮೇಡಂ ಅವರ ಇಸ್ತ್ರಿ ಮಾಡಿದ ಸೀರೆ, ಹೆಂಡತಿಯ ಬರಿ ಮೊಣಕಾಲು ಎರಡೇ. "ನಮ್ಮೂರವರು ಮೇಡಂ" ಎಂದುಬಿಟ್ಟ. "ಅಡುಗೆಗೆ ಅಂತ ಕರ್ಕೊಂಡು ಬಂದ್ರಾ? ಒಳ್ಳೇದಾಯ್ತು." "ಹೂಂ ಮೇಡಂ." ರಾತ್ರಿಯೆಲ್ಲ ಅವನನ್ನು ಕೊರೆದದ್ದು ಮೊದಲ ಸುಳ್ಳಲ್ಲ, ಈ ಹೂಂ. ಮೊದಲನೆಯದು ಬಾಯಿ ತಪ್ಪಿ ಬಂದದ್ದೆಂದು ಹೇಗೋ ಸಮಾಧಾನ ಮಾಡಿಕೊಳ್ಳಬಹುದಿತ್ತು. ಹೂಂ ಎನ್ನುವಾಗ ಅವನು ಪೂರ್ತಿ ಎಚ್ಚರವಾಗಿದ್ದ.

ದ್ವೀಪದ ತೆಂಕಣ ತುದಿಗೆ, ಯಾರೂ ಬಾರದಷ್ಟು ದೂರ ಬಂದು ಅವನು ಒಂದು ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಏನೋ ನೋಡುತ್ತಿರುವವನಂತೆ ಕಾಣಲೆಂದು ಕೂತವನು ನಿಜವಾಗಿಯೂ ನೋಡತೊಡಗಿದ. ನೀರಿನಂಚಿಗೆ ಕೆಂಪು ಹೂವಿನಂಥದ್ದೊಂದು ಎಸಳು ಬಿಚ್ಚಿ ಕೂತಿತ್ತು. ಬೆರಳು ಮುಟ್ಟಿಸಿದ ಕೂಡಲೇ ಎಸಳನ್ನೆಲ್ಲ ಒಳಗೆಳೆದುಕೊಂಡು ಮೆತ್ತನೆಯ ಉಂಡೆಯಾಗಿ, ನಾನೆಲ್ಲಿ ಹೂವು, ನನಗೇನೂ ಗೊತ್ತಿಲ್ಲ ಎಂಬಂತೆ ಸುಮ್ಮನಾಯಿತು. ಲಕ್ಷ್ಮಣಪ್ಪನಿಗೆ ಅದರ ಮೇಲೆ ಸ್ವಲ್ಪ ಸಿಟ್ಟು ಬಂತು. ಬಂಡೆಯ ಮೈತುಂಬ ಬೂದಿ ಬಣ್ಣದ ಪುಟ್ಟ ಚಿಪ್ಪುಗಳು, ಸವರಿದರೆ ಗರಗಸದ ಹಲ್ಲು. ಅವುಗಳ ನಡುವೆ ಟೋಪಿಯಾಕಾರದ ದೊಡ್ಡ ಚಿಪ್ಪು. ಉಗುರು ಹಾಕಿ ಎಬ್ಬಿಸಹೋದರೆ ಇನ್ನೂ ಬಿಗಿಯಾಗಿ ಕಲ್ಲು ಕಚ್ಚಿತು. ತಳದಲ್ಲಿ ಐದು ತೋಳಿನದೊಂದು ಪ್ರಾಣಿ ಮರಳ ಮೇಲೆ ಹರಿಯುತ್ತಿತ್ತು, ಐದರಲ್ಲಿ ಒಂದು ತೋಳು ಗಿಡ್ಡ, ತುಂಡಾದ ಜಾಗದಲ್ಲಿ ಹೊಸದು ಚಿಗುರುತ್ತಿದ್ದಂತಿತ್ತು. ಕಾರ್ಖಾನೆಯಲ್ಲಿ ಅವನದು ಇನ್‌ಸ್ಪೆಕ್ಷನ್ ಬೆಂಚು. ಲೇತಿನಿಂದ ಬಂದ ಒಂದೊಂದು ಮಾಲಿಗೂ ಗೇಜು ಹಾಕಿ ನೋಡುವುದು: ಗೇಜಿನ ಒಂದು ತುದಿ ಮಾಲಿನ ತೂತಿಗೆ ತೂರಬೇಕು, ಇನ್ನೊಂದು ತುದಿ ತೂರಬಾರದು, ಎರಡೂ ತೂರಿದರೆ ರಿಜೆಕ್ಟ್, ಕೆಂಪು ಡಬ್ಬಕ್ಕೆ. ಆ ಬೆಂಚು ಇದ್ದ ಜಾಗ ಹಿಂದೆ ಅವರದೇ ಅವರೆ ಹೊಲ. ಸರ್ಕಾರ ಹೊಲ ತೆಗೆದುಕೊಂಡಿತು, ಕಾರ್ಖಾನೆ ಅವನನ್ನು ತೆಗೆದುಕೊಂಡಿತು. ಅವನ ಅವ್ವ ಅವರೆ ಬಿಡಿಸುವಾಗ ಹುಳುಕನ್ನೂ ಎಳೆಯದನ್ನೂ ಒಂದೇ ಮಂಕರಿಗೆ ಹಾಕುತ್ತಿದ್ದಳು, ದನ ತಿನ್ನುತ್ತವೆ ಬಿಡೋ ಎನ್ನುತ್ತಿದ್ದಳು. ಈ ಗುಂಡಿಯಲ್ಲೂ ಅಂಥದ್ದೇ ವ್ಯವಹಾರ. ಒಂದರಂತೆ ಒಂದಿಲ್ಲ, ಅಳತೆಯಿಲ್ಲ, ಅರ್ಧಕ್ಕರ್ಧ ಕುಂಟು. ಆದರೂ ಎಲ್ಲವೂ ಪಾಸಾಗಿ ಬಿಸಿಲು ಕಾಯಿಸುತ್ತ ಕೂತಿವೆ. ಇಲ್ಲಿಯ ಇನ್‌ಸ್ಪೆಕ್ಟರ್ ಎಂಥ ಧಾರಾಳಿಯೋ ಎಂದುಕೊಂಡು ಅವನಿಗೆ ನಗು ಬಂತು.

"ಏನ್ ಗುರು, ಏಡಿ ಹಿಡಿಯೋ ಪ್ಲಾನಾ?" ಎಂದು ಹಿಂದಿನಿಂದ ಶ್ಯಾಮಣ್ಣನ ದನಿ ಕೇಳಿತು. ಶ್ಯಾಮಣ್ಣ ಲೇತಿನವನು; ಲಕ್ಷ್ಮಣಪ್ಪ ರಿಜೆಕ್ಟ್ ಮಾಡುವುದು ಹೆಚ್ಚಾಗಿ ಇವನ ಮಾಲನ್ನೇ. ನಿನ್ನೆ ಹಿತ್ತಲಲ್ಲಿ ಬೈಸಿಕೊಳ್ಳುತ್ತಲೇ ಅವನ ಕಿವಿ ಈ ಕಡೆಯ ಮಾತನ್ನೂ ಹಿಡಿದಿತ್ತೆಂಬುದು ಬೆಳಿಗ್ಗೆ ಬಸ್ಸಿನಲ್ಲಿ ಗೊತ್ತಾಗಿತ್ತು. ಪ್ಯಾಂಟನ್ನು ಮಡಚಿಕೊಂಡು ಪಕ್ಕದಲ್ಲಿ ಕೂತು, ಬಹಳ ವಿನಯದಿಂದ, "ನಿಮ್ಮೂರವ್ರು ಅಲ್ಲಿ ಹುಡುಕ್ತಾವ್ರೆ. ನಮ್ಮನೆಯವ್ರು ಎಲ್ಲಿ ಅಂತ ಕೇಳಿದ್ರು. ಯಾರ ಮನೆಯವ್ರು ಅಂತ ನಾನು ಕೇಳಕ್ಕೋಗ್ಲಿಲ್ಲ" ಎಂದ.

"ಬಾಯ್ಮುಚ್ಚೋ ಮಾರಾಯ."

"ನಾನ್ ಮುಚ್ತೀನಿ. ಮೇಡಂ ಮುಚ್ಬೇಕಲ್ಲ? ಅತ್ತಿಗೆ ಕೈಲಿ ಸಿಕ್ಕಾಕ್ಕೊಂಡ್ರೆ ಆ ತಪ್ಪಲೆ ತಿಕ್ಕಿದಂಗೆ ತಿಕ್ಬಿಡ್ತಾರೆ ನಿನ್ನ."

ತಿಕ್ಕಿದರೆ ಪರವಾಗಿಲ್ಲ ಎಂದು ಲಕ್ಷ್ಮಣಪ್ಪನಿಗೆ ಅನ್ನಿಸಿತು. ಅಂಜಿನಮ್ಮ ಬೈದರೆ ಬೈಯಲಿ, ಅದು ಅವನಿಗೆ ರೂಢಿ. ಅವನ ಹೆದರಿಕೆ ಬೇರೆ. ಆ ಮಾತು ಕೇಳಿದ ಕೂಡಲೇ ಅವಳು ಬೈಯದೆ ಸುಮ್ಮನಾದರೆ? ಅವಳು ಸುಮ್ಮನಾದದ್ದನ್ನು ಅವನು ನೋಡಿರುವುದು ಒಂದೇ ಸಲ, ಅವಳ ಅಣ್ಣ ತೀರಿಕೊಂಡ ದಿನ. ಇಡೀ ಮನೆ ಅವತ್ತು ಬೇರೆ ಯಾರದೋ ಮನೆಯಾಗಿತ್ತು. ಅವಳ ಗದ್ದಲವೇ ತನಗೆ ಮನೆ ಎಂಬುದು ಅವತ್ತೇ ಗೊತ್ತಾಗಿಯೂ ನಿನ್ನೆ ಹಾಗಂದನಲ್ಲ, ಅದಕ್ಕೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಶ್ಯಾಮಣ್ಣ ಸಿಗರೇಟು ಹಚ್ಚಲು ಗಾಳಿ ಮರೆಯಾದ ಜಾಗ ಹುಡುಕಿಕೊಂಡು ಎದ್ದು ಹೋದ.

ಅವನು ಹೋದ ದಿಕ್ಕಿನಿಂದಲೇ ಅಂಜಿನಮ್ಮ ಬರುತ್ತಿದ್ದಳು, ಜೊತೆಗೆ ಕೊಡೆ ಹಿಡಿದ ಮೇಡಂ. ಲಕ್ಷ್ಮಣಪ್ಪನಿಗೆ ಓಡಲು ಇದ್ದದ್ದು ಸಮುದ್ರದ ಕಡೆ ಮಾತ್ರ. ಅವನು ಆಳೆತ್ತರದ ಒಂದು ಕಲ್ಲಿನ ಕಂಬದ ಹಿಂದಕ್ಕೆ ಸರಿದು, ನೀರೊಳಗಿನ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತ. ದಂಡೆಯಲ್ಲಿ ಬಿಚ್ಚಿಟ್ಟಿದ್ದ ಚಪ್ಪಲಿಯನ್ನು ಅವಸರದಲ್ಲಿ ಒಂದು ಬಂಡೆಯ ಸಂದಿಗೆ ತೂರಿಸಿದ್ದ. ಇಬ್ಬರು ಹೆಂಗಸರೂ ಸರಿಯಾಗಿ ಅದೇ ಗುಂಡಿಗೆ ಬಂದು ನಿಂತರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ್ದ ಮೇಡಂ, ಮಡಚಿದ ಕೊಡೆಯ ತುದಿಯಿಂದ ಅದು ಇದು ತೋರಿಸುತ್ತ, "ಇದು ಹೂವಲ್ಲ ಕಣ್ರೀ, ಪ್ರಾಣಿ. ಮೀನು ಹತ್ರ ಬಂದ್ರೆ ಹಿಡ್ಕೊಂಡು ನುಂಗುತ್ತೆ" ಎನ್ನುತ್ತಿದ್ದರು.

"ಅಯ್ಯೋ ಇದರ ವೇಸವೇ! ಮುಡ್ಕೊಳ್ಳಕ್ಕೋದ್ರೆ ತಲೆನೇ ತಿನ್ನಾದು" ಎಂದು ಅಂಜಿನಮ್ಮ ಕೈ ಹಾಕಿಯೇಬಿಟ್ಟಳು. ಅದು ಅವಳ ಕೈಗೂ ಮುದುಡಿಕೊಂಡಿತು. ಮೇಡಂ ಕೊಡೆ ಕೆಳಗಿಟ್ಟು ಪಕ್ಕದಲ್ಲಿ ಕೂತರು. ಅವರೂ ಕೈ ಹಾಕಿದರು. ಇಬ್ಬರೂ ಸೇರಿ ನಕ್ಕದ್ದು ಕಂಬದ ಹಿಂದಿನವನಿಗೆ ಸ್ಪಷ್ಟವಾಗಿ ಕೇಳಿಸಿತು. ಯಾರ ಮುಂದೆ ಹೆಂಡತಿ ಸಣ್ಣವಳಾಗಿ ಕಾಣುತ್ತಾಳೆಂದು ಅವನು ನಾಚಿ ಸತ್ತನೋ ಅವರೇ ಈಗ ಅವಳ ಪಕ್ಕದಲ್ಲಿ ಸೀರೆ ಎತ್ತಿಕಟ್ಟಿ ಕೂತಿದ್ದರು. ಆ ಮೊಣಕಾಲಿಗೂ ಈ ಮೊಣಕಾಲಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಕಂಡದ್ದಕ್ಕೆ ಮತ್ತೆ ನಾಚಿಕೆಪಟ್ಟು ಅವನು ಬೇರೆ ಕಡೆ ನೋಡಿದ.

"ಇಷ್ಟು ದೊಡ್ಡ ನೀರಿಗೆ ಬಂದು ಗಂಗೆ ಪೂಜೆ ಮಾಡ್ದಲೇ ಓಗಾದಾ?" ಎಂದು ಅಂಜಿನಮ್ಮ ಸೆರಗಿನ ಗಂಟು ಬಿಚ್ಚಿದಳು. ಅವಳ ತವರು ಬೇಗೂರು. ಅಲ್ಲಿ ಮದುವೆಯಾಗಲಿ, ಬಾಣಂತನವಾಗಲಿ, ಮೊದಲು ಕೆರೆ ದಂಡೆಗೆ ಹೋಗಿ, ಮೂರು ಕಲ್ಲು ಆರಿಸಿ ತೊಳೆದಿಟ್ಟು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರೆ ಅದೇ ಗಂಗಮ್ಮ. ಇಲ್ಲಿಯೂ ಅವಳು ಬಗ್ಗಿ ಮೂರು ಕರಿ ಗುಂಡುಕಲ್ಲು ಆರಿಸಿದಳು. ಗುಂಡಿಯ ನೀರಲ್ಲೇ ತೊಳೆದು, ಬಂಡೆಯ ಮೇಲೆ ಸಾಲಾಗಿಟ್ಟು, ಅರಿಶಿನ ಬಳಿದು, ಕುಂಕುಮವಿಟ್ಟು, ತಲೆಯಲ್ಲಿದ್ದ ಕನಕಾಂಬರ ಕಿತ್ತು ಏರಿಸಿದಳು. ಉಡುಪಿಯಲ್ಲಿ ಕೊಂಡ ತೆಂಗಿನಕಾಯಿಯನ್ನು ಬಂಡೆಯ ಮೂಲೆಗೆ ಹೊಡೆದಳು. ಕಣ್ಣು ಮುಚ್ಚಿ, ತುಟಿ ಆಡಿಸಿ, ಕಣ್ಣು ತೆರೆಯುವಷ್ಟರಲ್ಲಿ ನಡುವಿನ ಗಂಗಮ್ಮ ಎದ್ದು ನಿಂತಿದ್ದಳು. ಅಡಿಯಿಂದ ಕೆಂಪು ಕಾಲುಗಳು ಹೊರಬಂದವು. ಅರಿಶಿನ, ಕುಂಕುಮ, ಕನಕಾಂಬರ ಸಮೇತ ಗಂಗಮ್ಮ ಒಂದು ಗಳಿಗೆ ಯೋಚಿಸಿ, ಬಂಡೆಯ ಇಳಿಜಾರಿಗೆ ತಿರುಗಿ, ಕುಂಟುತ್ತ ಕುಂಟುತ್ತ ನೀರಿನ ಕಡೆ ನಡೆದಳು. ಅಂಜಿನಮ್ಮ ಎರಡೂ ಕೆನ್ನೆಗೆ ಕೈ ಬಡಿದುಕೊಂಡಳು.

"ಏಡಿ ಕಣ್ರೀ ಅದು, ಏಡಿ!" ಮೇಡಂಗೆ ನಗು ತಡೆಯಲಾಗಲಿಲ್ಲ. "ಅದಕ್ಕೆ ಮೈಮೇಲೆ ಗಟ್ಟಿ ಚಿಪ್ಪಿರಲ್ಲ. ಸತ್ತ ಶಂಖದ ಹುಳದ ಚಿಪ್ಪಿನೊಳಗೆ ಸೇರ್ಕೊಂಡಿರುತ್ತೆ. ಪಾಚಿ ಕಟ್ಟಿತ್ತಲ್ಲ, ನೀವು ಕಲ್ಲು ಅಂದ್ಕೊಂಡ್ರಿ."

"ಅಂದ್ರೆ ಬಾಡಿಗೆ ಮನೆ."

"ಬಾಡಿಗೇನೂ ಕೊಡಲ್ಲ."

"ನಮ್ಮ ವಠಾರದಾಗೂ ಒಬ್ಬ ಅವ್ನೆ ಅಂತೋನು" ಎಂದಳು ಅಂಜಿನಮ್ಮ. ನೀರಿಗಿಳಿಯುತ್ತಿದ್ದ ಏಡಿಗೆ ಮತ್ತೊಮ್ಮೆ ಕೈ ಮುಗಿದಳು. "ಇರ್ಲಿ ಬುಡಿ ಮೇಡಂ. ಬೇಗೂರ್ ಕೆರೇಲಿ ಇಷ್ಟ್ ವರ್ಸ ಪೂಜೆ ಮಾಡಿವ್ನಿ, ಒಂದು ದಿನ ಗಂಗಮ್ಮ ಅಳ್ಳಾಡ್ಲಿಲ್ಲ. ಇಲ್ಲಿ ಎದ್ದು ಓಗ್ತೀನಿ ಅಂದವಳನ್ನ ಇಡ್ಕೊಳ್ಳಕ್ಕಾಯ್ತದಾ?" ಲಕ್ಷ್ಮಣಪ್ಪನಿಗೆ ಕಂಬದ ಹಿಂದೆ ನಗು ಉಕ್ಕಿ ಬಂತು, ಅದರ ಬೆನ್ನಿಗೇ ಸಂಕಟವೂ ಬಂತು. ಇಂಥ ಮಾತಿಗೆ ಅವಳ ಪಕ್ಕದಲ್ಲಿ ಕೂತು ನಗಬೇಕಾದವನು ತಾನು. ಕಳ್ಳನ ಹಾಗೆ ಇಲ್ಲಿ ನಿಂತಿದ್ದೇನೆ. ಪಾದ ಮುಳುಗುವಷ್ಟಿದ್ದ ನೀರು ಈಗ ಮೀನಖಂಡದ ಹತ್ತಿರ ಬಂದಿತ್ತು.

ಪೂಜೆಯಾದ ಮೇಲೆ ಅಂಜಿನಮ್ಮ ಮೇಡಂಗೆ ಕುಂಕುಮ ಕೊಟ್ಟಳು. ಮೇಡಂ ತಾವೂ ಒಂದು ಚಿಟಿಕೆ ತೆಗೆದು ಅವಳ ಹಣೆಯ ಹತ್ತಿರ ಹಿಡಿದು, "ಯಜಮಾನರ ಹೆಸರು ಹೇಳಿ, ಆಮೇಲೆ ಇಡ್ತೀನಿ" ಎಂದು ತಡೆದರು. ಲಕ್ಷ್ಮಣಪ್ಪ ಕಂಬಕ್ಕೆ ಇನ್ನಷ್ಟು ಒತ್ತಿಕೊಂಡ. ಆದರೆ ಅವನಿಗೆ ಹೆಂಡತಿಯ ಮೇಲೆ ಭರವಸೆಯಿತ್ತು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಅವನ ಹೆಸರು ಬಂದದ್ದಿಲ್ಲ. ರೇಷನ್ ಅಂಗಡಿಯಲ್ಲೂ ಪಕ್ಕದವರಿಂದ ಹೇಳಿಸುತ್ತಾಳೆ.

"ಎಸ್ರು ಏಳ್ಬಾರ್ದು ಮೇಡಂ" ಎಂದು ಅಂಜಿನಮ್ಮ ನಾಚಿದಳು. ಅವಳು ನಾಚುವುದನ್ನು ಅವನು ಎಷ್ಟೋ ಕಾಲದ ಮೇಲೆ ನೋಡಿದ.

"ಸುಳಿವಾದ್ರೂ ಕೊಡಿ."

"ರಾಮದೇವ್ರ ತಮ್ಮ."

"ಭರತ?"

"ಅಲ್ಲ, ಇನ್ನೊಬ್ರು. ಎಂಡ್ತೀನ ಅರಮನೇಲೇ ಬುಟ್ಟು ಕಾಡಿಗೆ ಓದ್ರಲ್ಲ, ಅವ್ರು."

ಅವಳೇನೂ ಮನಸ್ಸಿನಲ್ಲಿಟ್ಟು ಹೇಳಿದ್ದಲ್ಲ. ಆದರೂ ಆ ಮಾತು ಕಲ್ಲಿನ ಕಂಬವನ್ನು ಸುತ್ತಿ ಬಂದು ಅವನಿಗೆ ನಾಟಿತು. ಅಲ್ಲಿ ಮೇಡಂ, "ಲಕ್ಷ್ಮಣ... ಲಕ್ಷ್ಮಣಪ್ಪ? ನಮ್ಮ ಇನ್‌ಸ್ಪೆಕ್ಷನ್ನಿನ ಲಕ್ಷ್ಮಣಪ್ಪನಾ? ಮತ್ತೆ ಅವರು ನಿನ್ನೆ ನನ್ನ ಹತ್ರ..." ಎಂದು ಶುರುಮಾಡಿ ನಿಲ್ಲಿಸಿದರು. ಅಲೆಯೊಂದು ಬಂದು ಹೋಯಿತು. ಅಂಜಿನಮ್ಮ ಕಣ್ಣರಳಿಸಿ, "ಏನಂದ್ರು?" ಎಂದು ಕೇಳಿದಳು. ಅವನಂದದ್ದೇನೋ ಹೊಗಳಿಕೆಯಿರಬೇಕೆಂಬ ಆಸೆ ಆ ದನಿಯಲ್ಲಿ ಎದ್ದು ಕಾಣುತ್ತಿತ್ತು.

"ಏನಿಲ್ಲ" ಎಂದರು ಮೇಡಂ, ಕುಂಕುಮವಿಡುತ್ತ. "ಮುದ್ದೆ ತುಂಬ ಚೆನ್ನಾಗಿ ಮಾಡ್ತಾಳೆ ಅಂದ್ರು. ಒಳ್ಳೇವರು."

ಅಲ್ಲಿಗೆ ಎಲ್ಲ ಮುಗಿದಿತ್ತು. ಮೇಡಂ ಇನ್ನು ಬಾಯಿ ಬಿಡುವವರಲ್ಲ. ಶ್ಯಾಮಣ್ಣನ ಬಾಯಿಗೆ ಒಂದು ಬಿರಿಯಾನಿ ಸಾಕು. ಅಂಜಿನಮ್ಮನಿಗೆ ಜನ್ಮದಲ್ಲಿ ತಿಳಿಯುವುದಿಲ್ಲ. ಅವನು ಇನ್ನೊಂದು ಗಳಿಗೆ ಅಲ್ಲೇ ನಿಂತು, ಅವರು ಹೋದ ಮೇಲೆ ದೋಣಿಗೆ ಹೋದರಾಯಿತು. ಆದರೆ ಒಳ್ಳೇವರು ಎಂಬ ಆ ಮಾತು ಅವನಿಗೆ ಹಿಡಿಸಲಿಲ್ಲ. ಹೆಂಡತಿಯ ಮುಖ ಆ ಸುಳ್ಳನ್ನು ನಂಬಿ ಅರಳಿದ್ದನ್ನು ಅವನು ಕಲ್ಲಿನ ಸಂದಿಯಿಂದ ಕಂಡಿದ್ದ. ಕೆಂಪು ಡಬ್ಬಕ್ಕೆ ಹೋಗಬೇಕಾದ ಮಾಲನ್ನು ಮೇಡಂ ಮರ್ಯಾದೆಗೆ ಪಾಸ್ ಮಾಡಿ ಅವಳ ಕೈಗಿಟ್ಟಿದ್ದರು, ಅವಳು ಅದನ್ನು ಕಣ್ಣಿಗೊತ್ತಿಕೊಂಡಿದ್ದಳು. ಇಷ್ಟು ವರ್ಷ ಬೇರೆಯವರ ಮಾಲಿಗೆ ಗೇಜು ಹಾಕಿದವನಿಗೆ ಇದನ್ನು ನೋಡಿಕೊಂಡು ನಿಲ್ಲುವುದಾಗಲಿಲ್ಲ. "ಮೇಡಂ" ಎಂದು ಕೂಗಿ ಅವನು ಗಂಭೀರವಾಗಿ ಹೊರಗೆ ಹೆಜ್ಜೆಯಿಟ್ಟ. ಹೆಜ್ಜೆ ಪಾಚಿಯ ಮೇಲೆ ಬಿತ್ತು. ಸೊಂಟದವರೆಗೆ ನೀರಿಗೆ ಜಾರಿ, ಅಂಗಾಲು ಆ ಗರಗಸದ ಚಿಪ್ಪುಗಳ ಮೇಲೆ ಉಜ್ಜಿ, ಎರಡೂ ಕೈಯಲ್ಲಿ ಬಂಡೆ ತಬ್ಬಿಕೊಂಡು, ಆ ಭಂಗಿಯಲ್ಲೇ ಹೇಳಬೇಕಾದ್ದನ್ನು ಹೇಳಿಬಿಟ್ಟ. "ಮೇಡಂ, ಮುದ್ದೆ ವಿಷಯ ನಾನು ಏನೂ ಅಂದಿಲ್ಲ. ಇವಳು ಯಾರು ಅಂತ ನೀವು ಕೇಳಿದ್ರಿ. ನಮ್ಮೂರವರು ಅಂದೆ. ಅಡುಗೆಯವಳಾ ಅಂದ್ರಿ, ಹೂಂ ಅಂದೆ. ಇವಳು ನನ್ನ ಹೆಂಡ್ತಿ."

ಮೇಡಂ ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು. ಅಂಜಿನಮ್ಮ ಅವನನ್ನೇ ನೋಡಿದಳು, ಸುಮ್ಮನೆ. ಅವನು ಹೆದರಿದ್ದ ಸುಮ್ಮನೆ ಅದೇ. ತಾನಾಗಿ ಹೇಳದೆ ಹೋಗಿದ್ದರೆ ಅವಳಿಗೆ ನೋವೇ ಇರುತ್ತಿರಲಿಲ್ಲವಲ್ಲ, ತನ್ನ ಹೊಟ್ಟೆ ಹಗುರ ಮಾಡಿಕೊಳ್ಳಲು ಅವಳ ಮೇಲೆ ಹೇರಿದೆನಲ್ಲ ಎಂದು ಅವನಿಗೆ ಆಗ ಹೊಳೆಯಿತು. ದೂರದಲ್ಲಿ ದೋಣಿಯವನು ನೀರು ಹತ್ತಿತೆಂದು ಕೂಗತೊಡಗಿದ. ಅಂಜಿನಮ್ಮ ಇಳಿದು ಬಂದು, ಅಂಗಿಯ ಕಾಲರಿಗೆ ಕೈ ಹಾಕಿ, ಅವನನ್ನು ದಂಡೆಗೆ ಎಳೆದುಹಾಕಿದಳು.

"ಯಾವೂರೋಳು ಅಂದ್ರಿ?"

"ನಮ್ಮೂರೋಳು ಅಂದೆ."

"ನಾನ್ಯಾವಾಗ ನಿಮ್ಮೂರಾಗೆ ಉಟ್ಟಿದ್ದೆ? ನಾನು ಬೇಗೂರೋಳು." ಅವಳ ದನಿ ಒಡೆದಿತ್ತು, ಆದರೂ ಏರುತ್ತಿತ್ತು. "ನಿಮ್ಮೂರು ಯಾವ ದಿಕ್ಕಿಗೈತೆ ಅಂತ್ಲೂ ಗೊತ್ತಿರ್ಲಿಲ್ಲ ನಂಗೆ. ಆ ಊರಿಗೆ ನಾನು ಏನಾಗಿ ಬಂದೆ? ಅದನ್ನೇಳಿ."

"ಹೆಂಡ್ತಿಯಾಗಿ."

"ನಂಗ್ಯಾಕೇಳ್ತೀರಿ? ನಂಗೊತ್ತಿಲ್ವಾ? ಅವ್ರಿಗೇಳಿ."

"ಹೆಂಡ್ತಿಯಾಗಿ ಬಂದಳು ಮೇಡಂ" ಎಂದು ಲಕ್ಷ್ಮಣಪ್ಪ ಕೊಡೆಗೆ ಹೇಳಿದ. ಕೊಡೆ ಅಲ್ಲಾಡಿತು. ಒಳಗೆ ಮೇಡಂ ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಅಂಜಿನಮ್ಮ ಉಳಿದ ಎರಡು ಕಲ್ಲನ್ನು ನೀರಿಗೆ ಹಾಕಿ, ಹಿಂದೆ ನೋಡದೆ ದೋಣಿಯ ಕಡೆ ನಡೆದಳು.

ದೋಣಿಯಲ್ಲಿ ಅವಳು ಮುಂದೆ, ಹೆಂಗಸರ ನಡುವೆ ಕೂತಳು. ಅವನು ಹಿಂದೆ, ಎಂಜಿನ್ನಿನ ಪಕ್ಕ, ಒದ್ದೆ ಪ್ಯಾಂಟಿನಲ್ಲಿ. ಶ್ಯಾಮಣ್ಣ ಅವನ ಮುಖ ನೋಡಿ ಸರಿದು ಜಾಗ ಬಿಟ್ಟ. ಅವರು ಈಗಷ್ಟೇ ಕೂತಿದ್ದ ಬಂಡೆಗಳು, ಹೂವಿನ ವೇಷದ್ದು, ಐದು ತೋಳಿನದ್ದು, ಎಲ್ಲವೂ ಒಂದೊಂದಾಗಿ ಮುಳುಗಿ, ನೋಡುತ್ತಿದ್ದಂತೆ ಅಲ್ಲಿ ಬರೀ ನೀರಾಯಿತು. ಲಕ್ಷ್ಮಣಪ್ಪನ ಅಂಗಾಲಿನಿಂದ ರಕ್ತ ಹಲಗೆಗೆ ಇಳಿಯುತ್ತಿತ್ತು. ಅವನು ಅದನ್ನು ಯಾರಿಗೂ ಕಾಣದಂತೆ ಇನ್ನೊಂದು ಕಾಲಿನಿಂದ ಮುಚ್ಚಿಕೊಂಡ. ದೋಣಿ ನಡುನೀರಿಗೆ ಬಂದಾಗ ಅಂಜಿನಮ್ಮ ಎದ್ದಳು. ಓಲಾಡುತ್ತ, ಸಿಕ್ಕಿದವರ ಹೆಗಲು ಹಿಡಿಯುತ್ತ, ದೋಣಿಯವನಿಂದ ಬೈಸಿಕೊಳ್ಳುತ್ತ, ಹಿಂದಕ್ಕೆ ಬಂದು ಅವನ ಎದುರು ಕೂತು, ಕೇಳದೆಯೇ ಕಾಲೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವನ ಜೇಬಿನ ಕರ್ಚೀಫು ಎಳೆದು, ಉದ್ದಕ್ಕೆ ಹರಿದು, ಪಾದಕ್ಕೆ ಸುತ್ತಿ ಗಂಟು ಹಾಕಿದಳು.

"ನೋಯ್ತದಾ?"

"ಇಲ್ಲ ಇಲ್ಲ."

ಅವಳು ಗಂಟು ಬಿಚ್ಚಿದಳು. ಮತ್ತೆ ಸುತ್ತಿ, ಈ ಸಲ ಹಲ್ಲು ಕಚ್ಚಿ, ಎರಡೂ ತುದಿ ಹಿಡಿದು ಬಿಗಿದಳು.

"ಈಗ?"

"ನೋಯ್ತದೆ ಕಣೆ" ಎಂದ ಲಕ್ಷ್ಮಣಪ್ಪ, ಇಡೀ ದೋಣಿಗೆ ಕೇಳುವ ಹಾಗೆ. ಅಂಜಿನಮ್ಮ ಅವನ ಕಾಲನ್ನು ತೊಡೆಯ ಮೇಲಿನಿಂದ ಇಳಿಸದೆ ಸಮುದ್ರದ ಕಡೆ ಮುಖ ತಿರುಗಿಸಿ ಕೂತಳು.